ಕೈ ನಿಂತ ಜಾಗ

ಒಂದು ವಿಡಿಯೋಗೆ ಎಷ್ಟು ಖರ್ಚು ಬರುತ್ತದೆ ಎಂದು ಕೇಳಿದರೆ ದೇವೇಂದ್ರಪ್ಪನವರು ಯೋಚಿಸದೆ ಹೇಳಿಬಿಡುತ್ತಿದ್ದರು. ಆಸ್ಪತ್ರೆ ಮಂಚದ ಬಾಡಿಗೆ ದಿನಕ್ಕೆ ಮುನ್ನೂರು. ಪೇಷೆಂಟಾಗಿ ಮಲಗುವವನಿಗೆ ಐನೂರು, ಮೇಲೆ ಊಟ. ಪರೀಕ್ಷೆ ಮಾಡಿ ತೋರಿಸುವ ಡಾಕ್ಟರಿಗೆ ಎರಡು ಸಾವಿರ. ಕ್ಯಾಮೆರಾ, ಲೈಟು, ಎಡಿಟಿಂಗ್ ಸೇರಿ ಜೀವನ್‌ಗೆ ಮೂರು ಸಾವಿರ. ಟೀ ಬಿಸ್ಕತ್ತು ಬೇರೆ. ಇದರಲ್ಲಿ ಉಳಿಸಬಹುದಾದದ್ದು ಮಲಗುವವನ ಐನೂರು ಮಾತ್ರ. ಅದನ್ನು ಉಳಿಸಲು ಹೋದ ದಿನವೇ ಇದೆಲ್ಲ ಶುರುವಾದದ್ದು.

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ, ಒಂದು ದರ್ಶಿನಿ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವರ ಎರಡು ಕೋಣೆಯ ಸಂಸ್ಥೆ. ಮೆಡಿಕಲ್ ಓದುವ ಹುಡುಗರಿಗೆ ಅಲ್ಲಿಂದ ವಿಡಿಯೋಗಳು ಹೋಗುತ್ತಿದ್ದವು. ಎದೆಯ ಮೇಲೆ ಸ್ಟೆತಸ್ಕೋಪ್ ಎಲ್ಲೆಲ್ಲಿ ಇಡಬೇಕು, ಹೊಟ್ಟೆ ಹೇಗೆ ಒತ್ತಿ ನೋಡಬೇಕು, ಗಾಯಕ್ಕೆ ಹೊಲಿಗೆ ಹೇಗೆ ಹಾಕಬೇಕು. ಹೊಲಿಗೆಗೆ ಬಾಳೆಹಣ್ಣಿನ ಸಿಪ್ಪೆ ಆಗುತ್ತಿತ್ತು, ಕೋಳಿ ತೊಡೆ ಆಗುತ್ತಿತ್ತು. ಹೊಟ್ಟೆಗೆ ಮಾತ್ರ ಮನುಷ್ಯನೇ ಬೇಕು.

ಕೆಲಸಕ್ಕೆ ಇದ್ದ ಕಾಟವೆಂದರೆ ಮೆಟ್ರೋ. ರೈಲು ಬಂದರೆ ಕಿಟಕಿ ಗುಂಯ್‌ಗುಡುತ್ತಿತ್ತು. ಆಗ ಜೀವನ್ ಕ್ಯಾಮೆರಾ ಹಿಂದಿನಿಂದ ಕೈ ಎತ್ತುವನು, ಮಾತನಾಡುತ್ತಿದ್ದವರು ಬಾಯಿ ನಿಲ್ಲಿಸಿ, ಕೈ ಇದ್ದಲ್ಲೇ ಇಟ್ಟು ಬೊಂಬೆಯಂತೆ ನಿಲ್ಲಬೇಕು. ರೈಲು ಹೋದಮೇಲೆ ಮತ್ತೆ ಅಲ್ಲಿಂದಲೇ. ಎಡಿಟಿಂಗಿನಲ್ಲಿ ಆ ತುಂಡನ್ನು ಅವನು ಕತ್ತರಿಸಿ ಎಸೆಯುತ್ತಿದ್ದ.

ಹಾಗೆ ಬೊಂಬೆಯಂತೆ ನಿಂತ ಹೊತ್ತಿನಲ್ಲೇ ಗುರುದೇವಿ ಅವನನ್ನು ನೋಡಲು ಕಲಿತದ್ದು. ಬಾಯಿ, ಕೈ ಅಲುಗಿಸುವಂತಿಲ್ಲ, ಕಣ್ಣಿಗೆ ಅಡ್ಡಿ ಇರಲಿಲ್ಲ.

ಗುರುದೇವಿ ಹುನಗುಂದದ ಕಡೆಯವಳು. ಎಂಬಿಬಿಎಸ್ ಮುಗಿಸಿ ಮುಂದಿನ ಪರೀಕ್ಷೆಗೆ ಓದುತ್ತಾ ವಿಜಯನಗರದ ಲೇಡೀಸ್ ಹಾಸ್ಟೆಲಿನಲ್ಲಿದ್ದಳು. ವಾರ್ಡಿನಲ್ಲಿ ರೋಗಿಗಳನ್ನು ಮುಟ್ಟಿ ಕಲಿಯಬೇಕಾದ ವರ್ಷಗಳಲ್ಲಿ ಕೊರೋನಾ ಬಂದು ವಾರ್ಡಿನ ಬಾಗಿಲು ಮುಚ್ಚಿತ್ತು. ಅವಳು ಕಲಿತದ್ದೆಲ್ಲ ಮೊಬೈಲಿನಲ್ಲಿ, ಇಂಥವೇ ವಿಡಿಯೋ ನೋಡಿ. ಇಂಟರ್ನ್‌ಶಿಪ್ಪಿನಲ್ಲಿ ಕೈಗೆ ಸ್ವಲ್ಪ ರೂಢಿಯಾಗಿತ್ತು, ಧೈರ್ಯ ಅಷ್ಟಾಗಿ ಬಂದಿರಲಿಲ್ಲ. ಈಗ ಅವಳನ್ನು ನೋಡಿ ಬೇರೆಯವರು ಕಲಿಯುತ್ತಿದ್ದರು. ಅದನ್ನು ನೆನೆದರೆ ಅವಳಿಗೆ ಒಳಗೊಳಗೇ ಅಳುಕು.

ಜೀವನ್ ಮೂಡಲಪಾಳ್ಯದ ಹುಡುಗ. ಚಂದ್ರಾ ಲೇಔಟ್, ವಿಜಯನಗರದ ಛತ್ರಗಳಲ್ಲಿ ಮದುವೆ ಶೂಟ್ ಮಾಡಿಕೊಂಡಿದ್ದವನು.

"ಡಾಕ್ಟ್ರೇ, ಸ್ವಲ್ಪ ಈ ಕಡೆ ತಿರುಗಿ. ನಿಮ್ಮ ಎಡಗಡೆ ಮುಖ ಚೆನ್ನಾಗಿ ಬರುತ್ತೆ," ಎನ್ನುತ್ತಿದ್ದ.

"ಮತ್ತ ಬಲಗಡೆದು?"

"ಅದನ್ನ ಕ್ಯಾಮೆರಾಗೆ ಕೊಡಲ್ಲ. ನಾನೇ ನೋಡ್ಕೋತೀನಿ."

ಆ ದಿನ ಯಾವಾಗಲೂ ಪೇಷೆಂಟಾಗಿ ಮಲಗುವ ಡೆಲಿವರಿ ಹುಡುಗ ಅಮೀನಪ್ಪ ಬರಲಿಲ್ಲ. ಮಂಚದ ಬಾಡಿಗೆ ಓಡುತ್ತಿತ್ತು.

"ನೀನೇ ಮಲ್ಕೊಳಪ್ಪ, ಐನೂರು ಉಳಿಯುತ್ತೆ," ಎಂದರು ದೇವೇಂದ್ರಪ್ಪ. "ಕ್ಯಾಮೆರಾ ಸ್ಟ್ಯಾಂಡ್ ಮೇಲಿದೆ, ಅದೇನು ಎದ್ದು ಓಡಿಹೋಗುತ್ತಾ?"

"ಸಾರ್, ನಾನು ಶರ್ಟ್ ಬಿಚ್ಚಿದ್ರೆ ಸಬ್‌ಸ್ಕ್ರೈಬರ್ಸ್ ಕಮ್ಮಿ ಆಗ್ತಾರೆ."

"ಜಾಸ್ತಿನೂ ಆಗಬಹುದ್ರಿ," ಎಂದುಬಿಟ್ಟಳು ಗುರುದೇವಿ. ಅಂದಮೇಲೆ ಅವಳ ಕಿವಿ ಬಿಸಿಯಾಯಿತು. ಜೀವನ್ ಶರ್ಟಿನ ಗುಂಡಿಗೆ ಕೈ ಹಾಕಿದವನು ಹಾಗೇ ನಿಂತು ಅವಳನ್ನೇ ನೋಡಿದ. ರೈಲು ಬಂದಿರಲಿಲ್ಲ, ಆದರೂ ಇಬ್ಬರೂ ಅಲುಗಲಿಲ್ಲ.

"ಲವ್ ಸ್ಟೋರಿ ಶೂಟಿಂಗ್ ಆಮೇಲೆ," ಎಂದರು ದೇವೇಂದ್ರಪ್ಪ. "ಇವತ್ತು ನಾರ್ಮಲ್ ಹೊಟ್ಟೆ. ಸ್ಕ್ರಿಪ್ಟಲ್ಲಿ ಏನಿದೆಯೋ ಅಷ್ಟೇ ಹೇಳಮ್ಮ."

ಅವಳು ಪದ್ಧತಿಯಂತೆ ಅವನ ಬಲಗಡೆ ನಿಂತು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. ಹೊಟ್ಟೆ ಮುಟ್ಟಿದಾಗ ಅವನು ಕಚಗುಳಿಗೆ ಮಿಸುಕಾಡಿದ. "ಸುಮ್ಮನ ಮಲಕೋರಿ," ಎಂದು ಗದರಿದಳು. ಗದರಿಕೆಯಲ್ಲಿ ನಗು ಇತ್ತು.

ಎಡ ಪಕ್ಕೆಲುಬಿನ ಹಿಂದೆ ಗುಲ್ಮ ಅಡಗಿ ಕೂತಿರುತ್ತದೆ, ಡಾಕ್ಟರುಗಳ ಬಾಯಲ್ಲಿ ಸ್ಪ್ಲೀನ್. ಆರೋಗ್ಯವಂತರಲ್ಲಿ ಅದು ಕೈಗೆ ಸಿಗುವುದಿಲ್ಲ. ಊದಿಕೊಂಡರೆ ಮಾತ್ರ ಪಕ್ಕೆಲುಬು ದಾಟಿ ಹೊರಗೆ ಬರುತ್ತದೆ. ಅದನ್ನು ಹುಡುಕುವ ಕ್ರಮವೂ ಬೇರೆ. ಬಲಗಡೆ ಕೆಳಹೊಟ್ಟೆಯಿಂದ ಶುರುಮಾಡಿ, ಓರೆಯಾಗಿ ಎಡ ಪಕ್ಕೆಯತ್ತ ಕೈ ಸರಿಸುತ್ತಾ ಹೋಗಬೇಕು. ಬೆರಳು ಅದನ್ನು ಅಟ್ಟಿಸಿಕೊಂಡು ಹೋಗಬಾರದು. ರೋಗಿ ಉಸಿರೆಳೆದಾಗ ಅದೇ ಬಂದು ಬೆರಳಿಗೆ ತಾಕಬೇಕು.

"ಉಸಿರು ಎಳ್ಕೊಳ್ಳಿ," ಎಂದಳು. ಏನೂ ಇಲ್ಲ. ಕೈ ಸರಿಸಿದಳು. "ಇನ್ನೊಂದು ಸಲ." ಏನೂ ಇಲ್ಲ. "ಇನ್ನೊಂದು."

ಬಂತು.

ಮಡಿಚಿಟ್ಟ ಕಂಬಳಿಯ ಕೆಳಗೆ ಹಲಗೆಯ ಅಂಚು ಸಿಕ್ಕ ಹಾಗೆ, ಗಟ್ಟಿಯಾಗಿ, ನಿಧಾನವಾಗಿ ಬಂದು ಅವಳ ತೋರುಬೆರಳಿಗೆ ಮುಟ್ಟಿತು. ಅವನು ಉಸಿರು ಬಿಟ್ಟಾಗ ಹಿಂದಕ್ಕೆ ಜಾರಿತು.

ಅವಳ ಕೈ ಅಲ್ಲೇ ನಿಂತಿತು. ಮೊಬೈಲಿನಲ್ಲಿ ಎಷ್ಟೋ ಸಲ ನೋಡಿದ್ದಳು, ಬೆರಳಿಗೆ ಸಿಕ್ಕಿದ್ದು ಇದೇ ಮೊದಲು. ತಲೆ ಎತ್ತಿದಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ, ಮದುವೆಮನೆಯ ದೀಪದ ಹಾಗೆ ಕಣ್ಣು ಬೆಳಗಿಸಿಕೊಂಡು.

ಬಾಯಿ ಮಾತ್ರ ರೂಢಿಯಂತೆ ಸ್ಕ್ರಿಪ್ಟಿನ ಸಾಲು ಹೇಳಿಬಿಟ್ಟಿತು. "ಸ್ಪ್ಲೀನ್ ಕೈಗೆ ಸಿಗುತ್ತಿಲ್ಲ. ನಾರ್ಮಲ್."

"ಕಟ್! ಬೊಂಬಾಟ್," ಎಂದರು ದೇವೇಂದ್ರಪ್ಪ.

ಜೀವನ್ ಎದ್ದು ಗುಂಡಿ ಹಾಕಿಕೊಳ್ಳುತ್ತಾ ಮೆಲ್ಲಗೆ ಕೇಳಿದ, "ಏನು ಡಾಕ್ಟ್ರೇ, ಏನಾದ್ರೂ ಸಿಕ್ತಾ ಒಳಗೆ?"

"ಏನಿಲ್ರಿ," ಎಂದಳು ಗುರುದೇವಿ.

ಬೇರೆ ಯಾವ ರೋಗಿಯಾಗಿದ್ದರೂ ಅವನು ಶರ್ಟ್ ಹಾಕಿಕೊಳ್ಳುವ ಮೊದಲೇ ಹೇಳಿರುತ್ತಿದ್ದಳು. ಈಗ ತನ್ನ ಕೈಯನ್ನೇ ಅನುಮಾನಿಸಿದಳು. ವಿಡಿಯೋ ನೋಡಿ ಕಲಿತ ಕೈ ಇದು, ಇದಕ್ಕೆ ಏನು ಗೊತ್ತು? ಪಕ್ಕೆಲುಬೇ ಇರಬಹುದು, ಬಿಗಿಹಿಡಿದ ಮಾಂಸವೇ ಇರಬಹುದು. ಸುಮ್ಮನೆ ಹೆದರಿಸಿದರೆ? ಇದು ಅವಳು ತನಗೆ ತಾನು ಕೊಟ್ಟುಕೊಂಡ ಕಾರಣ. ಅದರ ಹಿಂದೆ ಇನ್ನೊಂದಿತ್ತು. ಅವನ ಕಣ್ಣಲ್ಲಿ ಕಂಡ ಬೆಳಕನ್ನು ತನ್ನ ಕೈಯಾರೆ ಆರಿಸಲು ಅವಳಿಗೆ ಮನಸ್ಸಾಗಲಿಲ್ಲ.

ಆಮೇಲಿನ ದಿನಗಳು ಬೇರೆ ಹುಡುಗಿಗಾದರೆ ಬದುಕಿನ ಚಂದದ ದಿನಗಳಾಗಿರುತ್ತಿದ್ದವು.

ಕೆಳಗಿನ ದರ್ಶಿನಿಯಲ್ಲಿ ಇಬ್ಬರೂ ನಿಂತು ದೋಸೆ ತಿನ್ನುವರು. ಅವನು ಅರ್ಧಕ್ಕೇ ತಟ್ಟೆ ಸರಿಸಿಬಿಡುವನು. "ನಿಮ್ಮನ್ನ ನೋಡ್ತಾ ಇದ್ರೆ ಹೊಟ್ಟೆ ತುಂಬಿಬಿಡುತ್ತೆ ಕಣ್ರೀ."

ಬೇರೆಯವಳು ನಾಚಿಕೊಳ್ಳುತ್ತಿದ್ದಳು. ಗುರುದೇವಿಗೆ ಓದಿದ ಪುಟ ಕಣ್ಣ ಮುಂದೆ ಬಂತು. ಗುಲ್ಮ ದೊಡ್ಡದಾದರೆ ಹೊಟ್ಟೆಯನ್ನು ಒತ್ತುತ್ತದೆ, ಎರಡು ತುತ್ತಿಗೇ ಸಾಕೆನಿಸುತ್ತದೆ.

"ಪೂರ್ತಿ ತಿನ್ರಿ," ಎಂದಳು.

"ಅಬ್ಬಾ, ಈಗ್ಲೇ ಹೆಂಡ್ತಿ ಥರ ಗದರ್ತೀರಲ್ಲ."

ಇನ್ನೊಂದು ದಿನ ಬೆಲ್ಟ್ ತೋರಿಸಿದ. "ನೋಡಿ, ಹೊಸ ತೂತು ಹೊಡೆಸಿದೀನಿ. ನಿಮಗೋಸ್ಕರ ಸ್ಲಿಮ್ ಆಗ್ತಾ ಇದೀನಿ. ರಾತ್ರಿ ನಿದ್ದೆನೂ ಇಲ್ಲ ಗೊತ್ತಾ? ಬನಿಯನ್ ಹಿಂಡೋ ಹಾಗೆ ಬೆವರು. ನಮ್ಮಮ್ಮ ಅಂತೂ ಯಾವಳೋ ಇವನ ತಲೆ ಕೆಡಿಸಿದಾಳೆ ಅಂತ ಹುಡುಕ್ತಾ ಇದಾರೆ."

ಅವನ ಒಂದೊಂದು ಸಿಹಿಮಾತೂ ಅವಳ ಕಿವಿಗೆ ರೋಗಲಕ್ಷಣವಾಗಿ ಬೀಳುತ್ತಿತ್ತು. ಅವನು ಪ್ರೀತಿ ಹೇಳುತ್ತಿದ್ದ, ಅವಳು ಕಾಯಿಲೆ ಕೇಳಿಸಿಕೊಳ್ಳುತ್ತಿದ್ದಳು. ಎರಡೂ ನಿಜವಾಗಿದ್ದವು.

ಎರಡು ಸಲ ಹೇಳಲು ಹೊರಟಳು. ಒಮ್ಮೆ ಮೆಟ್ರೋ ಮೆಟ್ಟಿಲ ಹತ್ತಿರ, "ಜೀವನ್, ನೀವೊಂದು ಬ್ಲಡ್ ಟೆಸ್ಟ್..." ಎನ್ನುವಷ್ಟರಲ್ಲಿ ಅವನು, "ಯಾಕೆ, ಜಾತಕದ ಬದಲು ಬ್ಲಡ್ ಗ್ರೂಪ್ ನೋಡ್ತಾರಾ ನಿಮ್ಮ ಕಡೆ?" ಎಂದು ನಕ್ಕ. ಅವಳೂ ನಕ್ಕುಬಿಟ್ಟಳು. ಆ ನಗುವಿಗೆ ಆಮೇಲೆ ಹಾಸ್ಟೆಲಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಇನ್ನೊಮ್ಮೆ ಅವನ ತಾಯಿ ಇಂದ್ರಮ್ಮ ಊಟದ ಡಬ್ಬಿ ಹಿಡಿದು ಮಹಡಿ ಹತ್ತಿ ಬಂದರು. ಮೇಲಿಂದ ಕೆಳಗೆ ಗುರುದೇವಿಯನ್ನು ನೋಡಿ, ಹುಡುಕುತ್ತಿದ್ದವಳು ಸಿಕ್ಕಿದಳು ಎಂಬಂತೆ ತುಟಿಯಲ್ಲೇ ನಕ್ಕರು.

"ನೀವೇನಾ ಡಾಕ್ಟ್ರಮ್ಮ? ನಾನ್ ಹೇಳಿದ್ರೆ ಇವನು ಕೇಳಲ್ಲ. ನೀವಾದ್ರೂ ಹೇಳಿ, ಮುದ್ದೆ ಮುಟ್ಟಲ್ಲ ಅಂತಾನೆ. ನೀವು ನೋಡಿದ್ರೆ ಗೊತ್ತಾಗಲ್ವಾ, ಇವನಿಗೆ ಏನಾಗಿದೆ ಅಂತ?"

"ಅಮ್ಮಾ, ಸುಮ್ನಿರು ಕಣೇ," ಎಂದ ಜೀವನ್, ಮುಖ ಕೆಂಪೇರಿಸಿಕೊಂಡು.

ತಾಯಿಯ ಮುಂದೆ ಹೇಗೆ ಹೇಳುವುದು? "ನೋಡ್ತೀನ್ರಿ ಅಮ್ಮಾ," ಎಂದಷ್ಟೇ ಹೇಳಿದಳು ಗುರುದೇವಿ.

ಇಷ್ಟರಲ್ಲಿ ವಿಡಿಯೋ ಹೊರಬಿದ್ದಿತ್ತು. ಸಾವಿರಾರು ಹುಡುಗರು ನೋಡಿ, ತುಂಬಾ ಚೆನ್ನಾಗಿ ಹೇಳಿಕೊಟ್ಟಿದ್ದೀರಿ ಮೇಡಂ ಎಂದು ಬರೆದಿದ್ದರು. ಯಾವನೋ ಒಬ್ಬ, "ಎಡಗಡೆ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆಯಲ್ಲ?" ಎಂದು ಕೇಳಿದ್ದ. ಲೈಟಿನ ನೆರಳು ಎಂದು ದೇವೇಂದ್ರಪ್ಪ ಉತ್ತರ ಹಾಕಿದ್ದರು. ಗುರುದೇವಿ ಆ ಪ್ರಶ್ನೆಯನ್ನು ಎರಡೆರಡು ಸಲ ಓದಿದಳು. ಅಂದರೆ ತನ್ನ ಕೈ ಸುಳ್ಳು ಹೇಳಿರಲಿಲ್ಲ. ಎಲ್ಲೋ ಕೂತವನ ಕಣ್ಣಿಗೂ ಅದು ಬಿದ್ದಿತ್ತು.

ಅವತ್ತೇ ಹೇಳಬೇಕೆಂದು ಗಟ್ಟಿಮಾಡಿಕೊಂಡು ಮಹಡಿ ಹತ್ತಿದಳು. ದೇವೇಂದ್ರಪ್ಪ ಕೆಂಗೇರಿಯಲ್ಲಿ ನೆಂಟರ ಮದುವೆಗೆ ಹೋಗಿದ್ದರು. ಮಧ್ಯಾಹ್ನದ ಬಿಸಿಲು ಕಂಪ್ಯೂಟರಿನ ಮೇಲೆ ಬಿದ್ದಿತ್ತು.

ಅವಳು ಬಾಯಿ ತೆಗೆಯುವ ಮೊದಲೇ ಜೀವನ್, "ಡಾಕ್ಟ್ರೇ, ಕೂತ್ಕೊಳ್ಳಿ. ನಿಮಗೊಂದು ತೋರಿಸ್ಬೇಕು," ಎಂದ. ಅವಳ ಕಿವಿಗೆ ಹೆಡ್‌ಫೋನ್ ಇಟ್ಟ. ಅವನ ಬೆರಳು ಅವಳ ಕೂದಲಿಗೆ ತಾಕಿ, ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಪರದೆಯ ಮೇಲೆ ಅವನ ಹೊಟ್ಟೆ, ಅವಳ ಕೈ. ಉಸಿರು ಎಳ್ಕೊಳ್ಳಿ. ಇನ್ನೊಂದು ಸಲ. ಇನ್ನೊಂದು. ಕೈ ನಿಂತಿತು.

"ಮೊದಲು ಟ್ರೇನ್ ಬಂತು ಅದಕ್ಕೆ ನಿಲ್ಸಿದೀರಿ ಅನ್ಕೊಂಡೆ. ಕತ್ತರಿಸೋಕೆ ಹೋದೆ. ಸೌಂಡ್ ಹಾಕಿ ಕೇಳಿದ್ರೆ ಟ್ರೇನೇ ಇಲ್ಲ." ಅವನ ದನಿ ತಗ್ಗಿತು. "ನಾನು ಎಷ್ಟು ಮದುವೆ ಶೂಟ್ ಮಾಡಿದೀನಿ. ಹುಡುಗಿ ಕೈ ಯಾವಾಗ ನಿಲ್ಲುತ್ತೆ, ಕಣ್ಣು ಯಾವಾಗ ಎದ್ದು ನೋಡುತ್ತೆ, ನಂಗೆ ಚೆನ್ನಾಗಿ ಗೊತ್ತು. ಇದು ಡಾಕ್ಟರ್ ಕೈ ಅಲ್ಲ ಗುರುದೇವಿ. ಇಷ್ಟು ದಿನದಿಂದ ನಾನು ಕಾಯ್ತಾ ಇದೀನಿ, ನೀವಾಗೇ ಹೇಳ್ತೀರ ಅಂತ. ಹೇಳಲ್ಲ ಅಂದ್ರೆ ನಾನೇ ಹೇಳ್ತೀನಿ. ನೀವಂದ್ರೆ ನಂಗೆ..."

"ಹೇಳಬ್ಯಾಡ್ರಿ," ಎಂದಳು ಅವಳು. ಹೆಡ್‌ಫೋನ್ ತೆಗೆದಿಟ್ಟಳು. "ಮೊದಲ ನಾನು ಹೇಳತೀನಿ. ಆಮೇಲೂ ಹೇಳಬೇಕನಿಸಿದ್ರ ಹೇಳ್ರಿ."

ಅವನು ನಗುತ್ತಲೇ ಕಾದ.

"ಅದು ಡಾಕ್ಟರ್ ಕೈನ ಆಗಿತ್ರಿ. ನನ್ನ ಬೆರಳಿಗೆ ನಿಮ್ಮ ಸ್ಪ್ಲೀನ್ ಸಿಕ್ಕಿತ್ರಿ. ಸಿಗಬಾರದದು. ನೀವು ಊಟ ಸೇರಲ್ಲ ಅಂತೀರಲ್ಲ, ಬೆವರತೀನಿ ಅಂತೀರಲ್ಲ, ಬೆಲ್ಟಿಗೆ ತೂತು ಹೊಡಿಸಿದ್ರಲ್ಲ, ಅದೆಲ್ಲ ನನ್ನ ಸಲುವಾಗಿ ಅಲ್ಲ. ರಕ್ತದಾಗ ಏನೋ ಕೆಟ್ಟೇತಿ."

ನಗು ಅವನ ಮುಖದ ಮೇಲೆ ಇನ್ನೂ ಇತ್ತು, ತೆಗೆಯಲು ಮರೆತವನ ಹಾಗೆ. ಹೊರಗೆ ರೈಲು ಹೋಯಿತು, ಕಿಟಕಿ ನಡುಗಿತು. ಯಾರೂ ಕೈ ಎತ್ತಲಿಲ್ಲ.

"ಆದ್ರೆ ನೀವು ನಾರ್ಮಲ್ ಅಂದ್ರಿ," ಎಂದ ಕೊನೆಗೆ.

"ಅಂದೆ."

"ನಾನು ಕೇಳಿದೆ. ಏನಾದ್ರೂ ಸಿಕ್ತಾ ಅಂತ. ಏನಿಲ್ಲ ಅಂದ್ರಿ."

"ಹೌದು."

"ಒಂದು ತಿಂಗಳು! ದಿನಾ ಜೊತೆಗೆ ದೋಸೆ ತಿಂದಿದೀವಿ ರೀ. ನಮ್ಮಮ್ಮ ಬಂದು ಬಾಯಿ ಬಿಟ್ಟು ಕೇಳಿದ್ರು." ಅವನ ದನಿ ಒಡೆಯಿತು. "ನಾನು ಹಲ್ಲು ಕಿರ್ಕೊಂಡು ಏನೇನೋ ಹೇಳ್ತಾ ಇದ್ರೆ ನೀವು ನನ್ನಲ್ಲಿ ಏನ್ ನೋಡ್ತಾ ಇದ್ರಿ? ಕೇಸಾ?"

"ಕೇಸ್ ಆಗಿದ್ರ ಅವತ್ತ ಹೇಳತಿದ್ದೆ," ಎಂದಳು ಗುರುದೇವಿ. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದರೂ ಒರೆಸಲಿಲ್ಲ. "ಯಾರದೋ ಹೊಟ್ಟಿ ಆಗಿದ್ರ ಬಾಯಿ ತಾನ ಹೇಳತಿತ್ತು. ನಿಮ್ಮದು ಅಂತ ಹೆದರಿದೆ. ಹೇಳಿಬಿಟ್ರ ನಿಜ ಆಗ್ತದ ಅನಿಸ್ತು. ಇಷ್ಟ ನನ್ನ ತಪ್ಪು, ಬ್ಯಾರೆ ಏನಿಲ್ಲ. ಬೈರಿ, ಹೊಡೀರಿ, ಇನ್ನ ಮಾರಿ ನೋಡಬ್ಯಾಡ ಅನ್ರಿ. ಮೊದಲ ನಡೀರಿ, ರಕ್ತ ಕೊಡ್ರಿ."

ಅವನು ಬಹಳ ಹೊತ್ತು ಪರದೆಯ ಮೇಲೆ ನಿಂತಿದ್ದ ಕೈಯನ್ನು ನೋಡಿದ. ಆಮೇಲೆ ಕಂಪ್ಯೂಟರ್ ಆರಿಸಿ, ಬೈಕಿನ ಕೀ ತೆಗೆದುಕೊಂಡ. "ಹೆಲ್ಮೆಟ್ ಒಂದೇ ಇದೆ. ನೀವು ಹಾಕ್ಕೊಳ್ಳಿ," ಎಂದ.

ವಿಜಯನಗರದ ಲ್ಯಾಬಿನವರು ಸಂಜೆ ರಿಪೋರ್ಟ್ ಮೊಬೈಲಿಗೆ ಬರುತ್ತದೆ ಎಂದಿದ್ದರು. ರಿಪೋರ್ಟ್ ಬರಲಿಲ್ಲ, ಫೋನ್ ಬಂತು. "ಸಾರ್, ಇನ್ನೊಂದು ಸಲ ರಕ್ತ ಕೊಟ್ಟು ಹೋಗ್ತೀರಾ? ನಮ್ಮ ಮೆಷಿನ್ ಕೌಂಟ್ ಸರಿಯಾಗಿ ತೋರಿಸ್ತಿಲ್ಲ." ಮೆಷಿನ್ ಸರಿಯಾಗಿಯೇ ಇತ್ತು. ಎರಡನೇ ಸಲವೂ ಬಿಳಿ ರಕ್ತಕಣ ಸಾವಿರಗಳಲ್ಲಿ ಇರಬೇಕಾದದ್ದು ಲಕ್ಷದ ಮೇಲೆ ಬಂತು.

ದೊಡ್ಡಾಸ್ಪತ್ರೆಯಲ್ಲಿ ಸಾಲು, ಚೀಟಿ, ಇನ್ನಷ್ಟು ಪರೀಕ್ಷೆ, ಮತ್ತೆ ಸಾಲು. ಇಂದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಗುರುದೇವಿಯತ್ತ ಒಮ್ಮೆಯೂ ತಿರುಗಲಿಲ್ಲ. ಮಗ ಅವರಿಗೆ ಏನು ಹೇಳಿದ್ದನೋ, ಎಷ್ಟು ಹೇಳಿದ್ದನೋ ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಒಳಗೆ ಕರೆದರು. ನರೆಗೂದಲಿನ ಡಾಕ್ಟರು ಜೀವನ್‌ನನ್ನು ಮಲಗಿಸಿ, ಬಲಗಡೆ ನಿಂತು, ಅದೇ ದಾರಿಯಲ್ಲಿ ಕೈ ಸರಿಸಿದರು. ಅವರ ಕೈ ಒಂದು ಕಡೆ ನಿಂತಿತು. ಗುರುದೇವಿ ಕಣ್ಣು ಮುಚ್ಚಿಕೊಂಡಳು.

"ರಕ್ತದ ಕ್ಯಾನ್ಸರ್," ಎಂದರು ಅವರು, ಸುತ್ತಿ ಬಳಸದೆ. "ನಿಧಾನಕ್ಕೆ ಬೆಳೆಯೋ ಜಾತಿ. ಇದಕ್ಕೆ ಮಾತ್ರೆ ಇದೆ. ದಿನಾ ತಗೋಬೇಕು, ಒಂದು ದಿನವೂ ತಪ್ಪಿಸೋ ಹಾಗಿಲ್ಲ. ಬಹಳ ಜನಕ್ಕೆ ಹತೋಟಿಗೆ ಬರುತ್ತೆ. ಕೆಲವರಿಗೆ ಬರಲ್ಲ. ನಿಮಗೆ ಹೇಗೆ ಅಂತ ಮೂರು ತಿಂಗಳು ಕಳೆದು ನೋಡಬೇಕು." ಕೈ ತೊಳೆಯುತ್ತಾ ಕೇಳಿದರು, "ಯಾರು ಮೊದಲು ಕಂಡುಹಿಡಿದಿದ್ದು?"

"ಇವರೇ ಸಾರ್," ಎಂದ ಜೀವನ್.

"ಒಳ್ಳೇ ಕೈ. ಯಾವಾಗ?"

ಇಂದ್ರಮ್ಮ ತಲೆ ಎತ್ತಿದರು.

"ಮೊನ್ನೆ ಸಾರ್," ಎಂದ ಜೀವನ್. ಹೇಳಿ ಮಂಚದ ಮೇಲಿಂದಲೇ ಗುರುದೇವಿಯನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಸುಳ್ಳು ಹೇಳಿದ್ದ. ಕ್ಷಮಿಸದೆಯೂ ಕಾಪಾಡಲು ಹೊರಟಿದ್ದ. ಅವನು ಆವತ್ತು ಅರ್ಧಕ್ಕೆ ನಿಲ್ಲಿಸಿದ್ದ ಮಾತಿನ ಉಳಿದರ್ಧ ಅವಳಿಗೆ ಆಗ ಕೇಳಿಸಿತು.

ಆ ಸುಳ್ಳಿನ ಕೆಳಗೆ ತಲೆಮರೆಸಿಕೊಂಡು ಅವಳು ಬದುಕಬಹುದಿತ್ತು.

"ಇಲ್ಲ ಸರ್," ಎಂದಳು. "ಒಂದು ತಿಂಗಳ ಮೇಲಾತು. ನನಗ ಗೊತ್ತಿತ್ತು. ನಾನ ಹೇಳಲಿಲ್ಲ."

ಡಾಕ್ಟರು ಅವಳನ್ನು ನೋಡಿದರು, ಅವನನ್ನು ನೋಡಿದರು. ಏನು ಅರ್ಥವಾಯಿತೋ, ದನಿ ಏರಿಸಲಿಲ್ಲ. "ಈ ಕಾಯಿಲೆಯಲ್ಲಿ ಒಂದು ತಿಂಗಳು ನಡೆದುಹೋಗುತ್ತಮ್ಮ. ಮುಂದಿನ ಪೇಷೆಂಟಿಗೆ ನಡೆಯದೆ ಇರಬಹುದು. ಅದನ್ನ ತಿಳ್ಕೊ."

ಹೊರಗೆ ಬಂದಮೇಲೆ ಇಂದ್ರಮ್ಮ ಅವಳ ಮುಂದೆ ನಿಂತರು. ಹೊಡೆಯುತ್ತಾರೆ ಎಂದುಕೊಂಡಳು. ಅವರು, "ಮಾತ್ರೆ ಊಟಕ್ಕೆ ಮುಂಚೆನಾ, ಆದ್ಮೇಲಾ, ಸರಿಯಾಗಿ ಕೇಳ್ಕೊಂಡ್ ಬಾ ಹೋಗು," ಎಂದರು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು.

ಆಸ್ಪತ್ರೆಯ ಗೇಟಿನ ಹತ್ತಿರ ಜೀವನ್, "ಆಮೇಲೂ ಹೇಳಬೇಕು ಅನ್ನಿಸಿದ್ರೆ ಹೇಳಿ ಅಂದಿದ್ರಿ," ಎಂದ.

"ಹೂಂ."

"ಅನ್ನಿಸ್ತಾ ಇದೆ. ಆದ್ರೆ ಇವತ್ತು ಹೇಳಲ್ಲ. ಇವತ್ತು ಸಿಟ್ಟಿದೆ."

"ಸಿಟ್ಟು ಇಳಿದ ಮ್ಯಾಲ?"

"ನೋಡೋಣ. ಕಾಯ್ತೀರಾ?"

"ಮಾತ್ರಿ ಕೊಡಾಕ ದಿನಾ ಬರತೀನಿ. ಅವಾಗ ನೋಡಕೋತ ಹೋಗ್ರಿ," ಎಂದಳು. ಅವನ ತುಟಿಯ ಒಂದು ಕೊನೆ ಅಷ್ಟೇ ಅಲುಗಿತು.

ಮಾರನೆಯ ದಿನ ಆ ಹೊಟ್ಟೆಯ ವಿಡಿಯೋವನ್ನು ಅಳಿಸಿಹಾಕಿ ಎಂದು ಗುರುದೇವಿ ದೇವೇಂದ್ರಪ್ಪನವರ ಮುಂದೆ ಪಟ್ಟುಹಿಡಿದಳು. ಹೆಸರು ಬದಲಿಸಿ ಕಾಯಿಲೆ ಹೊಟ್ಟೆ ಎಂದು ಹಾಕೋಣ, ಇನ್ನೂ ಚೆನ್ನಾಗಿ ಓಡುತ್ತದೆ ಎಂದರು ಅವರು. ಅವಳು ಒಪ್ಪಲಿಲ್ಲ. ವಿಡಿಯೋ ಹೋಯಿತು, ಜೊತೆಗೆ ಅವಳ ಕೆಲಸವೂ ಹೋಯಿತು. ಸುಂಕದಕಟ್ಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿಕೊಂಡಳು. ಅಲ್ಲಿ ಬೆರಳಿಗೆ ಏನು ಸಿಕ್ಕರೂ, ಸಿಕ್ಕ ಜಾಗದಲ್ಲೇ ಬಾಯಿಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಂಡಳು.

ಮೂರು ತಿಂಗಳಿಗೆ ಕೌಂಟ್ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಡಾಕ್ಟರು ಮಾತ್ರೆಯ ಪ್ರಮಾಣ ಏರಿಸಿದರು. ಮುಂದೆ ಹೇಗೋ ಎನ್ನುವ ಮಾತನ್ನು ಅವರಾಗಲಿ ಇವರಾಗಲಿ ಎತ್ತಲಿಲ್ಲ. ಸಿಟ್ಟು ಇಳಿದ ಒಂದು ಬೆಳಿಗ್ಗೆ, ಮಾತ್ರೆ ನುಂಗಿ ನೀರು ಕುಡಿದು, ಜೀವನ್ ಹೇಳಬೇಕಾದ್ದನ್ನು ಹೇಳಿದ. ಮುಂದಿನ ಶ್ರಾವಣದಲ್ಲಿ ಮದುವೆಯಾಯಿತು.

ಗುರುದೇವಿಗೆ ಅವನು ಸಿಕ್ಕಿದ. ಕಳೆದುಹೋದದ್ದು ಅವಳ ಒಂದು ಮಾತಿಗಿದ್ದ ಬೆಲೆ. ಈಗಲೂ ಅವಳ ಕೈ ಸುಮ್ಮನೆ ಅವನ ಮೈಮೇಲೆ ಬಿದ್ದರೆ ಅವನು ಉಸಿರು ಬಿಗಿಹಿಡಿದು, "ಏನು?" ಎನ್ನುತ್ತಾನೆ. ಏನಿಲ್ಲ ಎಂದು ಅವಳು ಹೇಳುತ್ತಾಳೆ. ಅವನು ಅದನ್ನು ನಂಬುವುದಿಲ್ಲ.